ಕೈಯಲ್ಲಿ ಹಿಡಿಯುವ ಮಷಿನ್‌ಗಳ ಕರೆಂಟ್ ಪರೀಕ್ಷೆ: ಯಾವುದನ್ನು, ಹೇಗೆ, ಎಷ್ಟು ಸಲ?

ಪ್ರಶ್ನೆ: ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್ ಇದೆ. ಗೇಟು, ಗ್ರಿಲ್ಲು, ಕಬ್ಬಿಣದ ನೀರಿನ ಟ್ಯಾಂಕುಗಳ ಕೆಲಸ. ಆ್ಯಂಗಲ್ ಗ್ರೈಂಡರ್, ಹ್ಯಾಂಡ್ ಡ್ರಿಲ್, ಕಟಿಂಗ್ ಮಷಿನ್, ಪೆಡೆಸ್ಟಲ್ ಫ್ಯಾನ್, ಆಫೀಸಿನಲ್ಲಿ ಎರಡು ಕಂಪ್ಯೂಟರ್ ಇವೆ. ಒಂದು ದೊಡ್ಡ ಕಂಪನಿಯ ಆರ್ಡರ್ ಸಿಗುವಂತಿದೆ. ಅವರ ಫಾರಂನಲ್ಲಿ 'ಪೋರ್ಟಬಲ್ ಅಪ್ಲಯನ್ಸ್ ಟೆಸ್ಟ್ ಮಾಡಿಸಿದ್ದೀರಾ' ಎಂದು ಕೇಳಿದ್ದಾರೆ. ಮಷಿನ್‌ಗೆ ಇಷ್ಟು ಎಂದು ದುಡ್ಡು ತೆಗೆದುಕೊಂಡು ಸ್ಟಿಕ್ಕರ್ ಅಂಟಿಸಿ ಕೊಡುತ್ತೇವೆ, ವರ್ಷಕ್ಕೊಮ್ಮೆ ಕಡ್ಡಾಯ ಎಂದು ಒಂದು ಏಜೆನ್ಸಿಯವರು ಹೇಳುತ್ತಿದ್ದಾರೆ. ನಿಜವೇ? ನಮ್ಮ ಎಲೆಕ್ಟ್ರಿಷಿಯನ್ನೇ ಮಾಡಬಹುದೇ? ಇನ್ನೊಂದು ವಿಷಯ: ಮಳೆಗಾಲದಲ್ಲಿ ಒಂದು ಹಳೇ ಡ್ರಿಲ್ ಮುಟ್ಟಿದರೆ 'ಜುಮ್' ಅನ್ನುತ್ತದೆ. ಚಪ್ಪಲಿ ಹಾಕಿಕೊಂಡರೆ ಏನೂ ಆಗುವುದಿಲ್ಲ ಎಂದು ಹುಡುಗರು ಬಳಸುತ್ತಲೇ ಇದ್ದಾರೆ.

ಉತ್ತರ:

ಡ್ರಿಲ್‌ನಿಂದಲೇ ಶುರು ಮಾಡುತ್ತೇನೆ. ಫಾರಂ ತುಂಬುವುದು ನಾಲ್ಕು ದಿನ ತಡವಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ. ಆ ಡ್ರಿಲ್‌ನ ಪ್ಲಗ್ಗನ್ನು ಸಾಕೆಟ್‌ನಿಂದ ತೆಗೆದು, ಪ್ಲಗ್ಗಿನ ಹತ್ತಿರ ಕೇಬಲ್ಲನ್ನು ಕತ್ತರಿಸಿ, ಬೀಗ ಇರುವ ಕಡೆ ಇಡಿ. ಮೂಲೆಯಲ್ಲಿ ಎತ್ತಿಟ್ಟರೆ ಸಾಲದು. ಡೆಲಿವರಿ ಹತ್ತಿರ ಬಂದಾಗ ಯಾರೋ ಒಬ್ಬ ಅದನ್ನು ಮತ್ತೆ ಹುಡುಕಿ ತರುತ್ತಾನೆ.

ಹುಡುಗರು ಅದನ್ನು ಸಣ್ಣ ಶಾಕ್ ಎಂದುಕೊಂಡಿದ್ದಾರೆ. ಲೆಕ್ಕ ನೋಡಿ. ನಮ್ಮ ಲೈನ್ 230 ವೋಲ್ಟ್. ಬೆವರಿದ ಒಂದು ಕೈಯಿಂದ ಇನ್ನೊಂದು ಕೈಗೆ ದೇಹದ ರೆಸಿಸ್ಟೆನ್ಸ್ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, ಒಳಗೆ ಹರಿಯುವುದು 230 ಮಿಲಿಆಂಪಿಯರ್. 10 ಮಿಲಿಆಂಪಿಯರ್ ಆಸುಪಾಸಿನಲ್ಲೇ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲಾಗದಂತೆ ಆಗುತ್ತದೆ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಉಸಿರಾಟಕ್ಕೂ ಹೃದಯಕ್ಕೂ ಅಪಾಯ. ನಿಮ್ಮ ಬೋರ್ಡಿನಲ್ಲಿರುವ 16 ಆಂಪಿಯರ್ ಎಂಸಿಬಿಗೆ (ಕರೆಂಟು ಮಿತಿ ಮೀರಿದರೆ ತಾನಾಗಿ ಬಿದ್ದು ಲೈನ್ ಕತ್ತರಿಸುವ ಸ್ವಿಚ್ಚು) ಆ 0.23 ಆಂಪಿಯರ್ ಲೆಕ್ಕಕ್ಕೇ ಇಲ್ಲ. ಎಂಸಿಬಿ ಇರುವುದು ವೈರನ್ನು ಕಾಪಾಡಲು. ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟು ಅದಕ್ಕೆ ತಿಳಿಯುವುದಿಲ್ಲ.

ಚಪ್ಪಲಿಯ ಮಾತು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುತ್ತದೆ. ಸದ್ಯ ಆ ಹುಡುಗರ ಪ್ರಾಣ ಉಳಿದಿರುವುದು ಒಣ ರಬ್ಬರಿನ ದೆಸೆಯಿಂದ ಮಾತ್ರ. ಆದರೆ ನಿಮ್ಮದು ಕಬ್ಬಿಣದ ಕೆಲಸ. ಬಲಗೈಯಲ್ಲಿ ಡ್ರಿಲ್ ಹಿಡಿದವನ ಎಡಗೈ ಗೇಟಿನ ಫ್ರೇಮಿನ ಮೇಲಿರುತ್ತದೆ, ಆ ಫ್ರೇಮು ಒದ್ದೆ ನೆಲದ ಮೇಲೆ ನಿಂತಿರುತ್ತದೆ. ಆಗ ಕರೆಂಟಿಗೆ ಕಾಲಿನ ದಾರಿ ಬೇಕಾಗಿಯೇ ಇಲ್ಲ. ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಇನ್ನೊಂದು ಕೈಯಿಂದ ಹೊರಬೀಳುತ್ತದೆ. ಬಡಗಿಯ ಶೆಡ್ಡಿನಲ್ಲಿ ಹಿಡಿಯುವ ಮರ ಒಣಗಿರುತ್ತದೆ. ನಿಮ್ಮ ಹುಡುಗರು ಹಿಡಿಯುವ ಪ್ರತಿಯೊಂದು ಪೀಸೂ ಒಂದು ಅರ್ಥ್ ಕಂಬಿಯೇ.

ಲೋಹದ ಬಾಡಿಯ ಹಳೇ ಡ್ರಿಲ್ 'ಜುಮ್' ಅನ್ನುತ್ತಿದೆ ಎಂದರೆ ಅಲ್ಲಿ ಎರಡು ತಪ್ಪುಗಳು ಒಟ್ಟಿಗೆ ಕೂಡಿವೆ. ಒಳಗೆ ಇನ್ಸುಲೇಷನ್ ಸೋತು ಬಾಡಿಗೆ ಕರೆಂಟ್ ಬರುತ್ತಿದೆ. ಹಾಗೆ ಬಂದ ಕರೆಂಟನ್ನು ನೆಲಕ್ಕೆ ಸಾಗಿಸಬೇಕಾದ ಅರ್ಥ್ ದಾರಿಯೂ ಎಲ್ಲೋ ತುಂಡಾಗಿದೆ. ತುಂಡಾದದ್ದು ಕೇಬಲ್ಲಿನೊಳಗೆ ಇರಬಹುದು, ಪ್ಲಗ್ಗಿನಲ್ಲಿ ಇರಬಹುದು, ಗೋಡೆಯ ಸಾಕೆಟ್‌ನಲ್ಲೂ ಇರಬಹುದು. ಸಾಕೆಟ್‌ನದೇ ತಪ್ಪಾಗಿದ್ದರೆ, ಏಜೆನ್ಸಿಯವರು ನಿಮ್ಮ ಅಷ್ಟೂ ಮಷಿನ್‌ಗಳಿಗೆ ಹಸಿರು ಸ್ಟಿಕ್ಕರ್ ಅಂಟಿಸಿ ಹೋದ ಮೇಲೂ ನಿಮ್ಮ ಶೆಡ್ ಇವತ್ತಿನಷ್ಟೇ ಅಪಾಯದಲ್ಲಿರುತ್ತದೆ. ಹಾಗಾಗಿ ಮಷಿನ್ ಮುಟ್ಟುವ ಮೊದಲು ಗೋಡೆ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಸಾಕೆಟ್‌ನ ಮೇಲಿನ ದೊಡ್ಡ ತೂತಿನ ಹಿಂದೆ ಎಷ್ಟೋ ಕಡೆ ವೈರೇ ಇರುವುದಿಲ್ಲ. ಇದ್ದರೂ ಅದು ನೆಲದಲ್ಲಿ ತೋಡಿದ ಅರ್ಥ್ ಪಿಟ್‌ವರೆಗೆ ಮುಟ್ಟಿದೆಯೋ ಇಲ್ಲವೋ ಎಂದು ಮಲ್ಟಿಮೀಟರ್ ನಂಬಿ ಹೇಳುವಂತಿಲ್ಲ. ಫೇಸ್ ಮತ್ತು ಅರ್ಥ್ ನಡುವೆ 230 ತೋರಿಸಿದ ಮಾತ್ರಕ್ಕೆ ಸಮಾಧಾನಪಡಬೇಡಿ. ಆ ಮೀಟರ್ ಎಳೆಯುವ ಕರೆಂಟು ತೀರಾ ಕಡಿಮೆ, ತುಕ್ಕು ಹಿಡಿದ ಕನೆಕ್ಷನ್ನಿನಲ್ಲೂ ಅದು 230 ತೋರಿಸುತ್ತದೆ. ಕೆಲವು ವೈರ್‌ಮ್ಯಾನ್‌ಗಳು ಫೇಸ್‌ನಿಂದ ಅರ್ಥ್‌ಗೆ 100 ವ್ಯಾಟ್ ಬಲ್ಬ್ ಹಚ್ಚಿ ನೋಡುತ್ತಾರೆ. ಅರ್ಥಿಂಗ್ ಕೆಟ್ಟಿದ್ದರೆ ಆ ಪರೀಕ್ಷೆಯ ಹೊತ್ತಿನಲ್ಲಿ ಅದೇ ಅರ್ಥ್ ವೈರಿಗೆ ಸೇರಿದ ಎಲ್ಲಾ ಮಷಿನ್‌ಗಳ ಬಾಡಿಗೂ ಕರೆಂಟ್ ಬರುತ್ತದೆ. ದಯವಿಟ್ಟು ಹುಡುಗರ ಕೈಯಲ್ಲಿ ಅದನ್ನು ಮಾಡಿಸಬೇಡಿ. ಸರಿಯಾದ ಸಾಧನ ಲೂಪ್ ಟೆಸ್ಟರ್. ಅದು ದಾರಿ ಪೂರ್ತಿ ಎಷ್ಟು ಓಮ್ ಇದೆ ಎಂದು ಹೇಳುತ್ತದೆ.

ಆ ಓಮ್ ಯಾಕೆ ಮುಖ್ಯ? 16 ಆಂಪಿಯರ್‌ನ 'ಸಿ' ಟೈಪ್ ಎಂಸಿಬಿ ಕ್ಷಣದಲ್ಲಿ ಬೀಳುತ್ತದೆ ಎಂದು ಖಾತ್ರಿಯಾಗಬೇಕಾದರೆ ಅದರ ಹತ್ತು ಪಟ್ಟು, ಅಂದರೆ 160 ಆಂಪಿಯರ್ ಹರಿಯಬೇಕು. 230ನ್ನು 160ರಿಂದ ಭಾಗಿಸಿದರೆ ಸುಮಾರು 1.4 ಓಮ್. ನಿಮ್ಮ ಅರ್ಥ್ ದಾರಿ 5 ಓಮ್ ಇದ್ದರೆ ಹರಿಯುವುದು 46 ಆಂಪಿಯರ್ ಅಷ್ಟೇ. ಆಗ ಎಂಸಿಬಿ ಬಿಸಿಯಾಗಿ ಬೀಳಲು ಎಷ್ಟೋ ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟೂ ಹೊತ್ತು ಮಷಿನ್ ಬಾಡಿಯಲ್ಲಿ ಕರೆಂಟ್ ಇರುತ್ತದೆ. ಬೇಸಿಗೆಯಲ್ಲಿ ಒಣಗಿದ ಅರ್ಥ್ ಪಿಟ್‌ನಲ್ಲಿ 5 ಓಮ್‌ಗಿಂತ ಹೆಚ್ಚು ಇರುವುದು ಏನೂ ಆಶ್ಚರ್ಯವಲ್ಲ. ಈ ಕೊರತೆಯನ್ನು ತುಂಬುವ ಸಾಧನ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದದ್ದಕ್ಕೂ ನ್ಯೂಟ್ರಲ್‌ನಲ್ಲಿ ಮರಳಿದ್ದಕ್ಕೂ ವ್ಯತ್ಯಾಸ ಬಂದ ಕೂಡಲೇ, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಅದು ಲೈನ್ ಕತ್ತರಿಸುತ್ತದೆ. ನಿಮ್ಮ ಬಜೆಟ್‌ನಲ್ಲಿ ಒಂದೇ ಒಂದು ಕೆಲಸಕ್ಕೆ ಜಾಗ ಇದ್ದರೆ, ಸ್ಟಿಕ್ಕರ್ ಬಿಟ್ಟು ಇದನ್ನು ಹಾಕಿಸಿ. ಅದರ ಮೇಲಿನ 'ಟಿ' ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಮಾತ್ರ ಇದು ಉಳಿಸಲಾರದು. ತೆರೆದ ವೈರ್ ಎಲ್ಲೂ ಇರಕೂಡದು ಎನ್ನುವುದು ಅದಕ್ಕೇ.

ಈಗ 'ವರ್ಷಕ್ಕೊಮ್ಮೆ ಕಡ್ಡಾಯ' ಎಂಬ ಮಾತಿಗೆ ಬರೋಣ. ಈ ಪರೀಕ್ಷೆ 'ಪ್ಯಾಟ್' (ಪೋರ್ಟಬಲ್ ಅಪ್ಲಯನ್ಸ್ ಟೆಸ್ಟ್ ಎಂಬುದರ ಕಿರುರೂಪ) ಎಂಬ ಹೆಸರಿನಲ್ಲಿ, ಸ್ಟಿಕ್ಕರ್ ಸಮೇತ ಹೆಚ್ಚು ಬೆಳೆದದ್ದು ಬ್ರಿಟನ್ನಿನಲ್ಲಿ. ಅಲ್ಲಿನ 1989ರ ವಿದ್ಯುತ್ ನಿಯಮಗಳು ಕೆಲಸದ ಜಾಗದ ಉಪಕರಣಗಳು ಅಪಾಯ ಆಗದಂತೆ ಸುಸ್ಥಿತಿಯಲ್ಲಿರಬೇಕು ಎನ್ನುತ್ತವೆ. ಪ್ರತಿ ವರ್ಷ ಪ್ರತಿ ವಸ್ತುವನ್ನೂ ಟೆಸ್ಟ್ ಮಾಡಿ ಎಂದು ಅವು ಹೇಳಿಲ್ಲ. ವರ್ಷಕ್ಕೊಮ್ಮೆ ಎಂಬುದು ತಪ್ಪು ತಿಳಿವಳಿಕೆ ಎಂದು ಅಲ್ಲಿನ ಸುರಕ್ಷತಾ ಇಲಾಖೆಯೇ ಸಾರಿ ಹೇಳಿದೆ. ವಸ್ತು ಯಾವುದು, ಎಲ್ಲಿ, ಯಾರ ಕೈಯಲ್ಲಿದೆ ಎಂಬುದನ್ನು ನೋಡಿ ಅವಧಿ ನಿಗದಿ ಮಾಡಿ ಎಂಬುದು ಅದರ ಸಲಹೆ. ಕಟ್ಟಡ ಕಾಮಗಾರಿಯಲ್ಲಿ ಬಳಸುವ 230 ವೋಲ್ಟ್ ಮಷಿನ್‌ಗಳಿಗೆ ಅವರು ಹೇಳುವುದು ತಿಂಗಳಿಗೊಮ್ಮೆ ಪರೀಕ್ಷೆ. ಆಫೀಸಿನ ಮೇಜಿನ ಮೇಲೆ ಅಲುಗಾಡದೆ ಕುಳಿತ ಸಾಧನಗಳಿಗೆ ವರ್ಷಗಳೇ ಕಳೆದರೂ ಚಿಂತೆಯಿಲ್ಲ. ಅಲ್ಲಿನ ಕಟ್ಟಡದ ಸೈಟುಗಳಲ್ಲಿ ಹೆಚ್ಚಿನ ಕೈಮಷಿನ್‌ಗಳು ಓಡುವುದು 110 ವೋಲ್ಟ್‌ನಲ್ಲಿ. ಆ ಟ್ರಾನ್ಸ್‌ಫಾರ್ಮರ್‌ನ ನಡುಬಿಂದುವನ್ನು ಅರ್ಥ್ ಮಾಡಿರುವುದರಿಂದ ವೈರಿನಿಂದ ನೆಲಕ್ಕೆ ಇರುವುದು 55 ವೋಲ್ಟ್ ಮಾತ್ರ. ನಮ್ಮ ಹುಡುಗರು ಅದೇ ಕೆಲಸವನ್ನು 230ರಲ್ಲಿ ಮಾಡುತ್ತಾರೆ. ಅವರಿಗಿಂತ ನಾವು ಹೆಚ್ಚು ಎಚ್ಚರ ಇರಬೇಕಾದದ್ದು ಇದಕ್ಕೆ.

ನಮ್ಮಲ್ಲಿ ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಿವೆ. 2010ರವುಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದವು. ಕೈಯಲ್ಲಿ ಒಯ್ಯುವ ಮಷಿನ್‌ಗಳ ಕೇಬಲ್ಲಿಗೆ ಗಟ್ಟಿ ಇನ್ಸುಲೇಷನ್ ಇರಬೇಕು, ಪೆಟ್ಟು ಬೀಳದಂತೆ ರಕ್ಷಣೆ ಇರಬೇಕು, ಸಿಂಗಲ್ ಫೇಸ್‌ಗೆ ಮೂರು ಕೋರ್ (ಒಳವೈರ್), ತ್ರೀ ಫೇಸ್‌ಗೆ ನಾಲ್ಕು ಕೋರ್ ಇರಬೇಕು, ಅರ್ಥ್ ವೈರ್ ಸುಲಭವಾಗಿ ಗುರುತು ಸಿಗಬೇಕು ಎಂಬುದು ಅವುಗಳಲ್ಲಿ ಬಂದ ನಿಯಮ. ನಿಮ್ಮ ಶೆಡ್ಡಿನಲ್ಲಿ ಒಂದು ಸುತ್ತು ಹಾಕಿ ಇದೊಂದನ್ನೇ ನೋಡಿದರೂ ಬೇಕಾದಷ್ಟು ಕೆಲಸ ಸಿಗುತ್ತದೆ.

ನೀವು ಟ್ಯಾಂಕು ಮಾಡುತ್ತೀರಿ ಎಂದು ಬರೆದಿದ್ದೀರಿ. ಪ್ರಶ್ನೆಯಲ್ಲಿ ನೀವು ಕೇಳಿಲ್ಲ, ಆದರೂ ಹೇಳದೆ ಬಿಡಲಾರೆ. ಟ್ಯಾಂಕಿನೊಳಗೆ ಇಳಿದು ಗ್ರೈಂಡಿಂಗ್ ಮಾಡುವವನ ಬೆನ್ನು, ಮೊಣಕೈ, ಮಂಡಿ ಎಲ್ಲವೂ ಕಬ್ಬಿಣಕ್ಕೆ ತಾಗಿರುತ್ತವೆ, ಮೈ ಬೆವರಿನಲ್ಲಿ ಒದ್ದೆಯಾಗಿರುತ್ತದೆ, ಶಾಕ್ ಹೊಡೆದರೆ ಹಿಂದಕ್ಕೆ ಬೀಳಲೂ ಜಾಗ ಇರುವುದಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಗೆ 1976ರಲ್ಲಿ ಸೇರಿಸಿದ 36ಎ ಕಲಮು ಹೇಳಿದ್ದು ಇದನ್ನೇ: ಟ್ಯಾಂಕು, ಗುಂಡಿ, ಪೈಪು ಮುಂತಾದ ಇಕ್ಕಟ್ಟಾದ ಜಾಗದೊಳಗೆ, ತಕ್ಕ ಸುರಕ್ಷಾ ಸಾಧನ ಇಲ್ಲದಿದ್ದರೆ, 24 ವೋಲ್ಟ್‌ಗಿಂತ ಹೆಚ್ಚಿನ ಕೈದೀಪವನ್ನಾಗಲಿ ಬೇರೆ ವಿದ್ಯುತ್ ಉಪಕರಣವನ್ನಾಗಲಿ ಬಳಸಕೂಡದು. ಬೆಳಕಿಗೆ 24 ವೋಲ್ಟ್ ದೀಪ ತನ್ನಿ, ಅದರ ಟ್ರಾನ್ಸ್‌ಫಾರ್ಮರ್ ಟ್ಯಾಂಕಿನ ಹೊರಗಿರಲಿ. ಆ ಟ್ರಾನ್ಸ್‌ಫಾರ್ಮರ್ ಎರಡು ಬೇರೆ ಬೇರೆ ವೈಂಡಿಂಗ್ ಇರುವಂಥದ್ದೇ ಆಗಬೇಕು. ಒಂದೇ ವೈಂಡಿಂಗಿನ ಆಟೋ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸಿದರೂ ಮೇನ್ ಲೈನಿನಿಂದ ಬೇರ್ಪಡಿಸುವುದಿಲ್ಲ. ಗ್ರೈಂಡಿಂಗ್‌ಗೆ ಗಾಳಿಯಲ್ಲಿ ಓಡುವ ಗ್ರೈಂಡರ್ ಅಥವಾ 18 ವೋಲ್ಟ್ ಬ್ಯಾಟರಿಯದು ಬಳಸಿ. ಕಂಪ್ರೆಸರ್ ಹೇಗೂ ಪೇಂಟಿಂಗ್‌ಗೆ ಇಟ್ಟಿರುತ್ತೀರಿ.

ಇನ್ನು ಮಷಿನ್‌ಗಳ ಪರೀಕ್ಷೆ. ಇದರಲ್ಲಿ ಬಹುಪಾಲು ಕೆಲಸ ಕಣ್ಣು ಮತ್ತು ಕೈಯದು, ಯಾವ ಮೀಟರೂ ಬೇಡ. ಮೊದಲು ಪ್ರತಿ ಮಷಿನ್‌ನ ಪ್ಲೇಟ್ ಓದಿ. ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್ನಿನದು, ಅರ್ಥ್ ವೈರ್ ಬೇಕಿಲ್ಲ, ಎರಡು ಕೋರ್ ಕೇಬಲ್ಲಿನೊಂದಿಗೇ ಬರುತ್ತದೆ. ಈಗಿನ ಹೆಚ್ಚಿನ ಕೈ ಗ್ರೈಂಡರ್‌ಗಳು ಈ ಬಗೆಯವು. ಆ ಗುರುತು ಇಲ್ಲದ, ಲೋಹದ ಬಾಡಿಯ ಯಾವುದೇ ಮಷಿನ್‌ನಲ್ಲಿ ಎರಡು ಪಿನ್ ಪ್ಲಗ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಮೋಸ ಹೊರಗೆ ಕಾಣುವುದಿಲ್ಲ: ಪ್ಲಗ್ ಮೂರು ಪಿನ್ನಿನದೇ, ಆದರೆ ಒಳಗೆ ಬಂದ ಕೇಬಲ್ ಎರಡು ಕೋರಿನದು. ಹಾಗಾಗಿ ಪ್ರತಿ ಪ್ಲಗ್ಗನ್ನೂ ಬಿಚ್ಚಲೇಬೇಕು. ಹಸಿರು-ಹಳದಿ ಪಟ್ಟೆಯ ವೈರ್, ಹಳೆಯ ಕೇಬಲ್ಲಾದರೆ ಬರೀ ಹಸಿರು, ದಪ್ಪ ಪಿನ್ನಿಗೇ ಸೇರಿದೆಯೇ ನೋಡಿ. ಅದನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಟ್ಟು ಕಟ್ಟಿಸಿ. ಕೇಬಲ್ ಜಗ್ಗಿದಾಗ ಫೇಸ್ ಮೊದಲು ಕಿತ್ತುಬರಬೇಕು, ಅರ್ಥ್ ಕೊನೆಗೆ. ಪ್ಲಗ್ಗಿನ ಅರ್ಥ್ ಪಿನ್ ಉದ್ದ ಇರುವುದೂ ಇದೇ ಕಾರಣಕ್ಕೆ: ಅದು ಮೊದಲು ಒಳಹೋಗುತ್ತದೆ, ಕೊನೆಗೆ ಹೊರಬರುತ್ತದೆ.

ಕೇಬಲ್ಲನ್ನು ತುದಿಯಿಂದ ತುದಿಗೆ ಬೆರಳ ಸಂದಿಯಲ್ಲಿ ಎಳೆದು ನೋಡಿ, ಪ್ಲಗ್ ತೆಗೆದ ಮೇಲೆ. ಗ್ರೈಂಡರ್ ಕಿಡಿ ಬಿದ್ದು ಸುಟ್ಟ ಕಲೆಗಳು, ಚಾನಲ್ ಬಿದ್ದು ಜಜ್ಜಿದ ಜಾಗ, ಮಷಿನ್‌ನೊಳಗೆ ಹೋಗುವ ಕಡೆ ಹರಿದ ರಬ್ಬರ್ ಬೂಟು, ಎಲ್ಲವೂ ಕೈಗೆ ಸಿಗುತ್ತವೆ. ಟೇಪ್ ಸುತ್ತಿದ ಜಾಯಿಂಟ್ ಇದ್ದ ಕೇಬಲ್ಲನ್ನು ನಾನು ಪಾಸ್ ಮಾಡುವುದೇ ಇಲ್ಲ. ಜಾಯಿಂಟ್‌ವರೆಗೆ ಕತ್ತರಿಸಿ ಗಿಡ್ಡ ಮಾಡಿ, ಇಲ್ಲವೇ ಪೂರ್ತಿ ಬದಲಾಯಿಸಿ. ಬೆಂಕಿಕಡ್ಡಿ ಸಿಕ್ಕಿಸಿ ಬರೀ ವೈರ್ ಸಾಕೆಟ್‌ಗೆ ತೂರಿಸುವ ಚಾಳಿ ನಿಮ್ಮಲ್ಲಿ ಇದ್ದರೆ, ಅದಕ್ಕೆ ಟೆಸ್ಟಿಂಗ್‌ನಿಂದ ಪರಿಹಾರ ಇಲ್ಲ; ಒಂದು ಡಬ್ಬ ಹೊಸ ಪ್ಲಗ್ ತಂದಿಟ್ಟು, ಕೇಳಿದ ಕೂಡಲೇ ಕೊಡಿ. ಸ್ಟೋರಿನಲ್ಲಿ ಪ್ಲಗ್ ಇಲ್ಲದಿದ್ದಾಗಲೇ ಕಡ್ಡಿ ಹುಟ್ಟುವುದು.

ಎಕ್ಸ್‌ಟೆನ್ಷನ್ ಬಾಕ್ಸನ್ನೂ ಒಂದು ಮಷಿನ್ ಎಂದೇ ಎಣಿಸಿ, ನಂಬರ್ ಕೊಡಿ. ದೊಡ್ಡ ಕಟಿಂಗ್ ಮಷಿನ್ 2200 ವ್ಯಾಟಿನದಾದರೆ ಸುಮಾರು 9.6 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಪ್ಲಗ್ಗಿನ ಬಾಕ್ಸಿನಲ್ಲಿ ಅದನ್ನು ಓಡಿಸಿದರೆ ಪ್ಲಾಸ್ಟಿಕ್ ಕಂದಾಗಿ, ಕೊನೆಗೆ ಕರಗುತ್ತದೆ. ಸುರುಳಿ ಸುತ್ತಿದ ಕೇಬಲ್ಲನ್ನು ಪೂರ್ತಿ ಬಿಡಿಸಿಯೇ ಬಳಸಲಿ, ಇಲ್ಲದಿದ್ದರೆ ಒಳಗಿನ ಸುತ್ತುಗಳ ಬಿಸಿ ಹೊರಬರುವುದಿಲ್ಲ.

ಕಣ್ಣಿಗೆ ಕಾಣದ ಎರಡು ಸಂಗತಿಗಳಿಗೆ ಮಾತ್ರ ಮೀಟರ್ ಬೇಕು. ಮೊದಲನೆಯದು ಅರ್ಥ್ ಕಂಟಿನ್ಯುಟಿ: ಪ್ಲಗ್ಗಿನ ದಪ್ಪ ಪಿನ್ನಿನಿಂದ ಮಷಿನ್‌ನ ಬಣ್ಣ ಕೆರೆದ ಲೋಹದವರೆಗೆ. ಮಲ್ಟಿಮೀಟರಿನ 'ಬೀಪ್' ಇಲ್ಲೂ ಮೋಸ ಮಾಡುತ್ತದೆ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದು ಬೀಪ್ ಎನ್ನುತ್ತದೆ, ನಿಜವಾದ ಫಾಲ್ಟ್ ಬಂದಾಗ ಆ ಎಳೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕನಿಷ್ಠ 200 ಮಿಲಿಆಂಪಿಯರ್ ಹಾಯಿಸುವ ಮೀಟರ್ ಬೇಕು. ಕೇಬಲ್ಲಿನ ರೆಸಿಸ್ಟೆನ್ಸ್ ಕಳೆದು 0.1 ಓಮ್ ಒಳಗೆ ಬರಬೇಕು. 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಒಂದು ಮೀಟರ್ ಉದ್ದಕ್ಕೆ ಸುಮಾರು 0.013 ಓಮ್, ಹಾಗಾಗಿ 5 ಮೀಟರ್ ಕೇಬಲ್ಲಿನ ಮಷಿನ್‌ಗೆ 0.17ರ ಒಳಗೆ ಬಂದರೆ ಸರಿ. 25 ಮೀಟರಿನ ಎಕ್ಸ್‌ಟೆನ್ಷನ್‌ಗೆ ಕೇಬಲ್ಲೇ 0.33 ತೋರಿಸುತ್ತದೆ, ಅದನ್ನು ಫೇಲ್ ಮಾಡಬೇಡಿ. ಅಳೆಯುವಾಗ ಕೇಬಲ್ಲನ್ನು ಎರಡೂ ತುದಿಯಲ್ಲಿ ಬಾಗಿಸಿ, ತಿರುಚಿ ನೋಡಿ. ಅಂಕಿ ಕುಣಿದರೆ ಒಳಗೆ ವೈರ್ ಮುರಿದಿದೆ.

ಎರಡನೆಯದು ಇನ್ಸುಲೇಷನ್. ಇನ್ಸುಲೇಷನ್ ಅಳೆಯುವ 500 ವೋಲ್ಟ್ ಡಿಸಿ ಮೀಟರ್, ಅಂದರೆ ಮೆಗ್ಗರ್‌ನ ಒಂದು ವೈರನ್ನು ಪ್ಲಗ್ಗಿನ ಫೇಸ್, ನ್ಯೂಟ್ರಲ್ ಎರಡಕ್ಕೂ ಸೇರಿಸಿ, ಇನ್ನೊಂದನ್ನು ಬಾಡಿಗೆ ಹಿಡಿಯುವುದು. ಅರ್ಥ್ ಇರುವ ಮಷಿನ್‌ಗೆ 1 ಮೆಗಾಓಮ್ (ಹತ್ತು ಲಕ್ಷ ಓಮ್), ಡಬಲ್ ಇನ್ಸುಲೇಷನ್ನಿನದಕ್ಕೆ ಚಕ್ ಅಥವಾ ಸ್ಪಿಂಡಲ್ ಮುಟ್ಟಿಸಿ 2 ಮೆಗಾಓಮ್ ಕನಿಷ್ಠ. ಮಷಿನ್‌ನ ಸ್ವಿಚ್ ಆನ್ ಇರಲೇಬೇಕು. ಸ್ವಿಚ್ ಆಫ್ ಇಟ್ಟು ಟೆಸ್ಟ್ ಮಾಡಿದರೆ ಮೀಟರು ಬರೀ ಕೇಬಲ್ಲನ್ನು ಅಳೆದು 'ಪಾಸ್' ಎನ್ನುತ್ತದೆ. ಅವಸರದ ಟೆಸ್ಟಿಂಗ್‌ನಲ್ಲಿ ಸುಲಭವಾಗಿ ಆಗಿಬಿಡುವ ತಪ್ಪು ಇದು. ಪಾಸ್-ಫೇಲ್‌ಗಿಂತ ಅಂಕಿ ಮುಖ್ಯ. ಕಳೆದ ಸಲ 50 ಮೆಗಾಓಮ್ ಇದ್ದ ಗ್ರೈಂಡರ್ ಈ ಸಲ 3ಕ್ಕೆ ಇಳಿದಿದ್ದರೆ, ನಿಯಮದ ಪ್ರಕಾರ ಪಾಸ್ ಆದರೂ ನಾನು ಅದನ್ನು ಬಿಚ್ಚಿಸುತ್ತೇನೆ. ಹೆಚ್ಚಾಗಿ ಒಳಗೆ ಕಾರ್ಬನ್ ಬ್ರಷ್ಷಿನ ಪುಡಿಯೂ ಕಬ್ಬಿಣದ ಧೂಳೂ ಸೇರಿ ಕೂತಿರುತ್ತವೆ, ಮಳೆಗಾಲದ ತೇವ ಸಿಕ್ಕರೆ ಅದೇ ಕರೆಂಟಿಗೆ ದಾರಿ. ಒಣ ಗಾಳಿ ಊದಿ ತೆಗೆದರೆ ಎಷ್ಟೋ ಸಲ ಅಂಕಿ ಮೇಲೇರುತ್ತದೆ.

ಕಂಪ್ಯೂಟರಿಗೆ 500 ವೋಲ್ಟ್ ಹಾಯಿಸುವುದು ಬೇಡ, ಪ್ಲಗ್ಗು, ಕೇಬಲ್ಲು, ಅರ್ಥ್ ನೋಡಿದರೆ ಸಾಕು. ಸಿಪಿಯು ಬಾಕ್ಸ್ ಮುಟ್ಟಿದರೆ ಚುರುಗುಟ್ಟುತ್ತದೆಯೇ? ಪವರ್ ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ಇಲ್ಲದಾಗ ಬಾಕ್ಸನ್ನು ಲೈನಿನ ಅರ್ಧ ವೋಲ್ಟೇಜಿಗೆ, ಸುಮಾರು 115ಕ್ಕೆ ಏರಿಸುತ್ತವೆ. ಕರೆಂಟು ಅತ್ಯಲ್ಪ. ಆದರೆ ನಿಮ್ಮ ಆಫೀಸಿನ ಸಾಕೆಟ್‌ಗೆ ಅರ್ಥ್ ಇಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಅವಧಿ ಹೇಳಿ ಎಂದರೆ, ನಿಮ್ಮಂಥ ಶೆಡ್ಡಿಗೆ ನನ್ನ ಅಭಿಪ್ರಾಯ ಹೀಗಿದೆ. ಕೈಗೆತ್ತಿಕೊಳ್ಳುವವನೇ ಪ್ರತಿದಿನ ಪ್ಲಗ್ಗು, ಕೇಬಲ್ಲು, ಗಾರ್ಡ್ ನೋಡಬೇಕು, ಅರ್ಧ ನಿಮಿಷದ ಕೆಲಸ. ವಾರಕ್ಕೊಮ್ಮೆ ಒಬ್ಬ ಗೊತ್ತಾದ ವ್ಯಕ್ತಿ ಎಲ್ಲವನ್ನೂ ನೋಡಲಿ. ಮೀಟರ್ ಪರೀಕ್ಷೆ ಕೈಮಷಿನ್‌ಗಳಿಗೂ ಎಕ್ಸ್‌ಟೆನ್ಷನ್‌ಗಳಿಗೂ ಮೂರು ತಿಂಗಳಿಗೊಮ್ಮೆ; ಅದರಲ್ಲಿ ಒಂದು ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ಬರಲಿ. ಇನ್ನೊಂದನ್ನು ಆಯುಧ ಪೂಜೆಯ ಹಿಂದಿನ ವಾರಕ್ಕೆ ಇಟ್ಟುಕೊಳ್ಳಿ, ಹೇಗೂ ಎಲ್ಲಾ ಮಷಿನ್‌ಗಳನ್ನು ಕೆಳಗಿಳಿಸಿ ಒರೆಸುತ್ತೀರಿ. ನೀರು ಹಾಕಿ ತೊಳೆಯುವುದು ಮಾತ್ರ ಬೇಡ. ಫ್ಯಾನಿಗೆ ವರ್ಷಕ್ಕೊಮ್ಮೆ, ಕಂಪ್ಯೂಟರಿಗೆ ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಬಿದ್ದ, ನೆನೆದ, ರಿಪೇರಿಯಾಗಿ ಬಂದ ಮಷಿನ್‌ಗೆ ಅವಧಿಯ ಮಾತೇ ಇಲ್ಲ, ಪರೀಕ್ಷೆ ಆಗದೆ ಕೈಗೆ ಕೊಡಬೇಡಿ.

ನಿಮ್ಮ ಎಲೆಕ್ಟ್ರಿಷಿಯನ್ ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮ್ಯಾನ್ ಪರ್ಮಿಟ್ ಇರುವವರಾಗಿದ್ದು, ಮೇಲೆ ಹೇಳಿದ ಮೀಟರ್‌ಗಳನ್ನು ಬಳಸಲು ಗೊತ್ತಿದ್ದರೆ ಅವರೇ ಮಾಡಬಹುದು. ನನ್ನ ಮನಸ್ಸು ಇರುವುದೂ ಆ ಕಡೆಗೇ, ಏಕೆಂದರೆ ಏಜೆನ್ಸಿ ವರ್ಷಕ್ಕೊಂದು ದಿನ ಬರುತ್ತದೆ, ಇವರು ದಿನಾ ಇರುತ್ತಾರೆ. ಒಂದು ರಿಜಿಸ್ಟರ್ ಇಡಿ: ಮಷಿನ್ ನಂಬರ್, ತಾರೀಖು, ನೋಡಿದ್ದೇನು, ಎರಡೂ ಅಂಕಿಗಳು, ಸಹಿ. ಮೀಟರಿನ ಕ್ಯಾಲಿಬ್ರೇಷನ್ ಸರ್ಟಿಫಿಕೇಟಿನ ಪ್ರತಿಯೊಂದಿಗೆ ಆ ಪುಟಗಳ ಜೆರಾಕ್ಸ್ ಕಂಪನಿಗೆ ಕೊಡಿ. ಅವರು ಹೊರಗಿನವರದೇ ಬೇಕು ಎಂದು ಪಟ್ಟು ಹಿಡಿದರೆ ಏಜೆನ್ಸಿಯನ್ನು ಕರೆಸಿ, ಆದರೆ ದುಡ್ಡು ಕೊಡುವ ಮೊದಲು ಮೂರು ಮಾತು ಕೇಳಿ: ಪ್ಲಗ್ ಬಿಚ್ಚಿ ನೋಡುತ್ತೀರಾ, ಸಾಕೆಟ್‌ನ ಲೂಪ್ ಅಳೆಯುತ್ತೀರಾ, ಪ್ರತಿ ಮಷಿನ್‌ನ ಓಮ್ ಮತ್ತು ಮೆಗಾಓಮ್ ಬರೆದುಕೊಡುತ್ತೀರಾ? ಬರೀ 'ಪಾಸ್' ಎಂದು ಬರೆದು ಸ್ಟಿಕ್ಕರ್ ಹಚ್ಚುತ್ತೇವೆ ಎಂದರೆ ವಾಪಸ್ ಕಳಿಸಿ, ಆ ದುಡ್ಡಿನಲ್ಲಿ ಆರ್‌ಸಿಸಿಬಿ ತನ್ನಿ.